ಕ್ಷೇತ್ರಸಿದ್ಧಾಂತಕ್ಕೆ ಪೂರ್ವಪಾಠ

ಕ್ವಾಂಟಂ ಕ್ಷೇತ್ರಸಿದ್ಧಾಂತವನ್ನು ಅಭ್ಯಸಿಸಬೇಕೆಂಬ ವಿದ್ಯಾರ್ಥಿಯು ಮ್ಯಾಕ್ಸ್‌ವೆಲ್ಲನಿಂದ ಬಂದ ಅಭಿಜಾತ ವಿದ್ಯುದ್ಗತಿಶಾಸ್ತ್ರವನ್ನು ಮೊದಲು ಎಷ್ಟು ಓದಿರಬೇಕು? ಇದು ನಮ್ಮ ಪತ್ರಿಕೆಗೆ ಹೊರಗಿನ ವಿಷಯವೆಂದು ವಾಚಕರು ಭಾವಿಸಲಾಗದು. ಪಾಠಕ್ರಮದ ವಿವೇಚನೆ ಸರ್ವಶಾಸ್ತ್ರಗಳಿಗೂ ಸಮಾನವಾದುದು. ಯಾದಗಿರಿ, ಶಹಾಪುರ, ಸುರಪುರಗಳಂಥ ಊರುಗಳಲ್ಲಿ ಗುರುಮುಖವಿಲ್ಲದೆ ಗ್ರಂಥವನ್ನೇ ನಂಬಿ ಓದುವವನಿಗಂತೂ ಯಾವುದನ್ನು ಬಿಡಬೇಕೆಂಬ ತಿಳಿವಳಿಕೆಯೇ ವರ್ಷಗಳನ್ನು ಉಳಿಸತಕ್ಕದ್ದು.

ಕೌಮುದಿಯ ಮಾರ್ಗದಲ್ಲಿ ವ್ಯಾಕರಣ ಕಲಿತವರಿಗೆ ಅನುವೃತ್ತಿಯ ಕಷ್ಟ ಗೊತ್ತು. ಸೂತ್ರವು ಅಷ್ಟಾಧ್ಯಾಯಿಯ ಸ್ಥಾನದಿಂದ ಕದಲಿದೊಡನೆ, ಹಿಂದಿನ ಸೂತ್ರದಿಂದ ಅದಕ್ಕೆ ಇಳಿದುಬರುತ್ತಿದ್ದ ಪದವು ಕಣ್ಣಿಗೆ ಬೀಳದು, ವೃತ್ತಿಕಾರನೇ ತುಂಬಿಕೊಡಬೇಕು. ಪೂರ್ವಶಾಸ್ತ್ರದಿಂದ ಉತ್ತರಶಾಸ್ತ್ರಕ್ಕೆ ಹೀಗೆ ಇಳಿದುಬರುವುದನ್ನು ಬಿಡದೆ ಉಳಿದುದನ್ನು ಸಂಕ್ಷೇಪಿಸಿದರೆ ಮಾತ್ರ ಅದು ಲಘುಮಾರ್ಗ.

ಈ ಒರೆಗಲ್ಲಿಗೆ ಎರಡು ಪ್ರಸಿದ್ಧ ಗ್ರಂಥಗಳನ್ನು ಹಚ್ಚಬಹುದು. 1962ರಲ್ಲಿ ಮೊದಲು ಪ್ರಕಟವಾದ ಜಾಕ್ಸನ್ನರ ಗ್ರಂಥವು ಸ್ಥಿರವಿದ್ಯುತ್ತಿನಿಂದ ಹೊರಟು, ಗೋಲ ಸ್ತಂಭಗಳ ಸುತ್ತಣ ವಿಭವವನ್ನು ಗಣಿಸುವುದರಲ್ಲಿ ಬಹಳ ಪುಟಗಳನ್ನು ಕಳೆಯುತ್ತದೆ. ಸಾಪೇಕ್ಷತೆ ಬರುವುದು ಅರ್ಧ ಕಳೆದ ಮೇಲೆ. ಲಾಂಡೌ-ಲಿಫ್ಶಿಟ್ಸರು ಸಾಪೇಕ್ಷತೆಯಿಂದಲೇ ಆರಂಭಿಸಿ, ಕನಿಷ್ಠಕ್ರಿಯಾತತ್ತ್ವದಿಂದ ಕ್ಷೇತ್ರದ ಸಮೀಕರಣಗಳನ್ನು ಪಡೆಯುತ್ತಾರೆ. ಉತ್ತರಶಾಸ್ತ್ರದ ಭಾಷೆಯೂ ಅದೇ. ವಿಭವವನ್ನು ಒಂದು ನಿಯಮದಂತೆ ಬದಲಿಸಿದರೂ ಕ್ಷೇತ್ರವು ಬದಲಾಗದೆಂಬ ಗೇಜ್ ಸ್ವಾತಂತ್ರ್ಯವು ಇಲ್ಲಿಯೇ ಮನಸ್ಸಿನಲ್ಲಿ ನೆಲೆಗೊಳ್ಳಬೇಕು. ಆದಕಾರಣ ಮೊದಲ ಓದಿಗೆ ಲಾಂಡೌ-ಲಿಫ್ಶಿಟ್ಸರೇ ಮೇಲು. ಗೋಲಗಳ ಲೆಕ್ಕ ಕಾಯಬಹುದು.

ಆದರೆ ಅವಸರದವರು ಬಿಟ್ಟುಬಿಡುವ ಮತ್ತೊಂದು ಪ್ರಕರಣವಿದೆ. ಬಿಂದುಮಾತ್ರವಾದ ಎಲೆಕ್ಟ್ರಾನಿನ ಸ್ವಕ್ಷೇತ್ರದ ಶಕ್ತಿಯು ತ್ರಿಜ್ಯ ಕುಗ್ಗಿದಷ್ಟೂ ಬೆಳೆದು ಅನಂತವಾಗುತ್ತದೆ. 1938ರಲ್ಲಿ ಡಿರಾಕ್ ಆ ಅನಂತಭಾಗವನ್ನು ದ್ರವ್ಯರಾಶಿಯಲ್ಲಿ ಅಡಗಿಸಿ, ಎಲೆಕ್ಟ್ರಾನು ಸೂಸಿದ ವಿಕಿರಣವು ಅದರ ಮೇಲೆಯೇ ಮಾಡುವ ಪ್ರತಿಕ್ರಿಯೆಯನ್ನು ಬೇರ್ಪಡಿಸಿದರು. ಕ್ವಾಂಟಂ ಶಾಸ್ತ್ರದಲ್ಲಿ ಅನಂತವು ಲಘುಗಣಕದ ಮಂದಗತಿಯಿಂದ ಬರುತ್ತದಾದರೂ ತಪ್ಪುವುದಿಲ್ಲ; 1947ರ ತರುವಾಯ ಬೆಳೆದ ಪರಿಹಾರದಲ್ಲಿಯೂ ದ್ರವ್ಯರಾಶಿಯ ಇಂಥದೇ ಮರುನಿರ್ಣಯವಿದೆ.

ಇದಕ್ಕೆ ಸಾಕ್ಷ್ಯ ನಮ್ಮ ನಾಡಿನಲ್ಲಿಯೇ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಹೋಮಿ ಭಾಭಾ, ಮೀಸಾನುಗಳ ಚದರಿಕೆಯು ಕ್ವಾಂಟಂ ಗಣನೆಯಲ್ಲಿ ಮಿತಿಮೀರಿ ತೋರುತ್ತಿದ್ದ ಕಾಲದಲ್ಲಿ, ಹಿಂದಿರುಗಿ ಅಭಿಜಾತ ಸಿದ್ಧಾಂತವನ್ನೇ ಶೋಧಿಸಿದರು. ಪ್ರತಿಕ್ರಿಯೆಯನ್ನು ಲೆಕ್ಕಕ್ಕೆ ಹಿಡಿದರೆ ಚದರಿಕೆ ತಗ್ಗುತ್ತದೆಂದು ಅಲ್ಲಿ ಕಂಡಿತು. ಬಿಂದುಕಣಗಳನ್ನು ಕುರಿತು ಅವರೊಡನೆ ಬರೆದ ಹರೀಶ್‌ಚಂದ್ರರು 1945ರಲ್ಲಿ ಕೇಂಬ್ರಿಜ್ಜಿಗೆ ಹೋದದ್ದು ಅದೇ ಡಿರಾಕರ ಬಳಿಗೆ. ಜಾಕ್ಸನ್ನರಲ್ಲಿ ಈ ವಿಷಯವು ಕಟ್ಟಕಡೆಯ ಅಧ್ಯಾಯ, ಲಾಂಡೌ-ಲಿಫ್ಶಿಟ್ಸರಲ್ಲಿ ಚಿಕ್ಕದೊಂದು ಪ್ರಕರಣ. ಇಷ್ಟರಮಟ್ಟಿಗೆ ಜಾಕ್ಸನ್ನರನ್ನೇ ಆಶ್ರಯಿಸತಕ್ಕದ್ದು.