ನಾಯಿಯ ಕಿವಿಗೆ ಎಣ್ಣೆ ಬಿಡುವ ರೂಢಿ

ನಾಯಿಯು ಕಿವಿ ಕೆರೆದುಕೊಂಡೊಡನೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿಯೆಣ್ಣೆಯನ್ನು ಬಿಡುವ ರೂಢಿ ನಮ್ಮ ಅನೇಕ ಮನೆಗಳಲ್ಲಿ ಉಂಟು. ಮಕ್ಕಳ ಕಿವಿನೋವಿಗೆ ಅಜ್ಜಿಯರು ಮಾಡುತ್ತಿದ್ದ ಉಪಚಾರವನ್ನೇ ಮೂಕಪ್ರಾಣಿಗೂ ಸಲ್ಲಿಸುವ ಆ ವಾತ್ಸಲ್ಯವನ್ನು ನಾನು ಗೌರವಿಸುವೆನಾದರೂ, ಉಪಚಾರವನ್ನು ಮಾತ್ರ ಒಪ್ಪಲಾರೆನು.

ಮನುಷ್ಯನ ಕರ್ಣನಾಳವು ಹೆಚ್ಚುಕಡಮೆ ನೇರವಾಗಿ ಒಳಸಾಗುತ್ತದೆ. ನಾಯಿಯದಾದರೋ ಮೊದಲು ಕೆಳಮುಖವಾಗಿ ಇಳಿದು, ಬುಡದಲ್ಲಿ ಒಳಕ್ಕೆ ತಿರುಗಿ, ಅನಂತರ ಕಿವಿತಮಟೆಯನ್ನು ಸೇರುತ್ತದೆ. ಆ ತಿರುವಿನಲ್ಲಿ ನಿಂತ ಎಣ್ಣೆಯು ಗುಗ್ಗೆಯೊಡನೆ ಕಲೆತು, ತೇವವನ್ನು ಹಿಡಿದಿಟ್ಟು, ಆರೋಗ್ಯವಂತ ನಾಯಿಯ ಚರ್ಮದ ಮೇಲೂ ಮಿತವಾಗಿ ವಾಸಿಸುವ ಮಲಸೀಝಿಯಾ ಎಂಬ ಯೀಸ್ಟಿಗೆ ಬೇಕಾದ ಜಿಡ್ಡಿನ ಆಶ್ರಯವನ್ನೇ ಒದಗಿಸುತ್ತದೆ. ತಮಟೆ ಮೊದಲೇ ಹರಿದಿದ್ದರಂತೂ, ಬಿಟ್ಟ ದ್ರವವು ಒಳಗಿಳಿದು ಶ್ರವಣಕ್ಕೂ ದೇಹದ ಸಮತೋಲಕ್ಕೂ ಕೇಡು ತರಬಹುದು.

ಇದಕ್ಕಿಂತಲೂ ಖಂಡನಾರ್ಹವಾದುದು, ಮನುಷ್ಯರ ಹುಳುಕಡ್ಡಿಗೆಂದು ಔಷಧದಂಗಡಿಯಲ್ಲಿ ಮಾರುವ ಸ್ಟೀರಾಯ್ಡ್ ಬೆರೆತ ಮುಲಾಮನ್ನು ನಾಯಿಯ ಚರ್ಮಕ್ಕೆ ಹಚ್ಚುವುದು. ತುರಿಕೆ ಬೇಗ ಅಡಗುತ್ತದೆ, ಮನೆಯವರು ಗುಣವಾಯಿತೆಂದು ನಂಬುತ್ತಾರೆ. ಅಷ್ಟರಲ್ಲಿ ಚರ್ಮ ತೆಳುವಾಗಿ, ಸೋಂಕು ಮರೆಯಲ್ಲೇ ಹರಡಿ, ನೆಕ್ಕಿದ ಮದ್ದು ಹೊಟ್ಟೆ ಸೇರಿರುತ್ತದೆ. ಕಿವಿ, ಕಂಕುಳು, ತೊಡೆಸಂದು, ಬೆರಳಸಂದುಗಳು ಮರಳಿಮರಳಿ ಕೆಂಪಾಗುತ್ತಿದ್ದರೆ ಮೂಲವು ಬಹುಶಃ ಅಲರ್ಜಿಯಲ್ಲಿದೆ. ಚಿಗಟದ ಕಡಿತವೋ ಆಹಾರವೋ ಧೂಳಿನ ನುಸಿಯೋ ಅದನ್ನು ಕೆರಳಿಸಿರಬಹುದು, ಸೋಂಕು ಅದರ ಫಲಮಾತ್ರ.

ಕಂದುಬಣ್ಣದ ಜಿಡ್ಡು ಮತ್ತು ಹುಳಿವಾಸನೆ ಯೀಸ್ಟನ್ನೂ, ಹಳದಿ ಕೀವು ಮತ್ತು ಮುಟ್ಟಗೊಡದ ನೋವು ಬ್ಯಾಕ್ಟೀರಿಯವನ್ನೂ, ಕಾಫಿಪುಡಿಯಂಥ ಕಪ್ಪು ಕಸ ಕಿವಿನುಸಿಯನ್ನೂ ಸೂಚಿಸುತ್ತವೆ. ಸೂಚಿಸುತ್ತವೆ, ಅಷ್ಟೆ, ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡದೆ ಪಶುವೈದ್ಯನೂ ನಿಶ್ಚಯಿಸಲಾರನು, ನೋಡದೆ ಮದ್ದು ಬರೆಯುವವನಲ್ಲಿ ನನಗೆ ಭರವಸೆಯಿಲ್ಲ.

ಹಾಗಾದರೆ ಮನೆಯಲ್ಲಿ ಮಾಡತಕ್ಕುದೇನು? ನಿರ್ಮಲವಾದ ಕಿವಿಯನ್ನು ಕೆದಕದಿರುವುದೇ ಮೊದಲನೆಯದು. ಮಲೆನಾಡಿನ ಆಷಾಢದ ಜಡಿಮಳೆಯಲ್ಲಿ ಲ್ಯಾಬ್ರಡಾರ್, ಕಾಕರ್ ಸ್ಪೇನಿಯಲ್‌ಗಳಂಥ ಜೋಲುಗಿವಿಯ ತಳಿಗಳನ್ನು ಸಾಕಿದವರು, ನೆನೆದು ಬಂದ ನಾಯಿಯ ಕಿವಿಮಡಿಕೆಯನ್ನೂ ಬೆರಳಸಂದನ್ನೂ ಒಣಬಟ್ಟೆಯಿಂದ ಒರಸಬೇಕು. ವೈದ್ಯರು ಕಿವಿ ತೊಳೆಯುವ ದ್ರಾವಣವನ್ನು ಕೊಟ್ಟಿದ್ದರೆ ಅದನ್ನು ತುಂಬಿ, ಕಿವಿಯ ಬುಡವನ್ನು ಮೃದುವಾಗಿ ನೀವಿ, ನಾಯಿ ತಲೆ ಕೊಡವಿದ ಮೇಲೆ ಬೆರಳಿಗೆ ಸುತ್ತಿದ ಹತ್ತಿಯು ತಲಪುವಷ್ಟು ಮಾತ್ರ ಒರಸುವುದು. ಹತ್ತಿಕಡ್ಡಿ ಕೂಡದು, ಅದು ಕೊಳೆಯನ್ನು ತಿರುವಿನಾಚೆಗೆ ನೂಕುತ್ತದೆ. ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಶ್ಯಾಂಪೂ ಬರೆದುಕೊಟ್ಟಿದ್ದರೆ ನೊರೆಯನ್ನು 10 ನಿಮಿಷ ಮೈಮೇಲೆ ಬಿಟ್ಟು ತೊಳೆಯಬೇಕು. ಕೂಡಲೆ ತೊಳೆದರೆ ಅದು ಬರಿಯ ಸ್ನಾನವಾಗುತ್ತದೆ.