ಹಿಮ್ಮೇಳದ ದನಿ: ಉಚ್ಚಂಗಿದುರ್ಗ ಪರಿಸರದ ಚೌಡಿಕೆ ಪದ ಮತ್ತು ಅದರ ಪೋಷಣೆ

ಉಚ್ಚಂಗಿದುರ್ಗವು ನಾಡಿನ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದು ಮುಖ್ಯವಾಗಿ ಕೋಟೆಯಾಗಿ. ನೊಳಂಬವಾಡಿಯನ್ನಾಳಿದ ಪಾಂಡ್ಯರ ನೆಲೆಯಾಗಿ, 12ನೆಯ ಶತಮಾನದಲ್ಲಿ ಹೊಯ್ಸಳರು ಗೆಲ್ಲಲು ಹೆಣಗಿದ ದುರ್ಗವಾಗಿ ಅದು ಶಾಸನಾಧ್ಯಯನದಲ್ಲಿ ಸ್ಥಾನ ಪಡೆದಿದೆ. ಆದರೆ ಭರತ ಹುಣ್ಣಿಮೆಗೆ ಬೆಟ್ಟವೇರುವ ಸಾವಿರಾರು ಜನಕ್ಕೆ ಅದು ಉಚ್ಚಂಗೆಮ್ಮನ ಗುಡ್ಡ. ಯಲ್ಲಮ್ಮನ ರೂಪವೆಂದೇ ಭಕ್ತರು ನಂಬಿರುವ ಈ ದೇವಿಯ ಸನ್ನಿಧಿಗೆ ಜೋಗತಿಯರೂ ಜೋಗಪ್ಪಂದಿರೂ ಚೌಡಿಕೆ ಹಿಡಿದು, ‘ಉಧೋ ಉಧೋ’ ಎನ್ನುತ್ತ ಬಂದವರು. ಕಲ್ಲಿನ ಮೇಲಿನ ಅಕ್ಷರಕ್ಕೆ ದೊರೆತ ವಿದ್ವತ್ತಿನ ಗೌರವ ಈ ದನಿಗೆ ದೊರೆತದ್ದು ಬಹಳ ತಡವಾಗಿ, ಅದೂ ಅರ್ಧಂಬರ್ಧ.

ಚೌಡಿಕೆ ಪದವನ್ನು ಒಬ್ಬರ ಹಾಡಿಕೆಯೆಂದು ಭಾವಿಸುವುದೇ ಮೊದಲ ತೊಡಕು. ಅದು ಮೇಳದ ಕಲೆ. ಒಂದು ಬದಿಗೆ ಚರ್ಮ ಬಿಗಿದ ಮರದ ಕೊಳವೆ, ಆ ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿಗೆ ಕಟ್ಟಿದ ತಂತಿ, ಇಷ್ಟೇ ಚೌಡಿಕೆಯ ರಚನೆ. ಮೀಟಿದಾಗ ಅದು ಏಕಕಾಲಕ್ಕೆ ತಂತಿವಾದ್ಯವೂ ಹೌದು, ಚರ್ಮವಾದ್ಯವೂ ಹೌದು. ತಂತಿಯ ಬಿಗುವನ್ನು ಏರಿಳಿಸಿದರೆ ನಾದ ತುಯ್ದಾಡುತ್ತದೆ. ಶ್ರುತಿ ಮತ್ತು ತಾಳಗಳು ಅದಕ್ಕೆ ಜೊತೆಯಾಗುತ್ತವೆ. ಮುಮ್ಮೇಳದ ಹಾಡುಗಾರ್ತಿ ನುಡಿಯನ್ನೆತ್ತುತ್ತಾಳೆ. ಹಿಮ್ಮೇಳದವರು ಅದರ ಕೊನೆಯ ಭಾಗವನ್ನು ಹಿಡಿದು ಎಳೆಯುತ್ತಾರೆ. ಅವರ ದನಿ ಇನ್ನೂ ಇಳಿಯುವ ಮುನ್ನವೇ ಆಕೆ ಮುಂದಿನ ನುಡಿಗೆ ಕಾಲಿಟ್ಟಿರುತ್ತಾಳೆ. ಹೀಗೆ ಒಂದರ ಮೇಲೊಂದು ಹರಡಿಕೊಳ್ಳುವ ದನಿಗಳ ಪದರದಲ್ಲಿಯೇ ಈ ಗಾಯನದ ಸೊಗಸಿದೆ. ನಡುನಡುವೆ ಹಾಡು ನಿಂತು ಮಾತು ಬರುತ್ತದೆ, ಹಿಮ್ಮೇಳವು ‘ಹೌದೌದು’ ಎಂದು ಒತ್ತಾಸೆ ಕೊಡುತ್ತದೆ. ಗಂಡನಿಂದ ಶಾಪ, ಮಗನಿಂದ ಶಿರಚ್ಛೇದ ಪಡೆದ ರೇಣುಕೆಯ ಕಥೆಯನ್ನು ಒಂಟಿ ಕೊರಳು ಹೇಳಿದರೆ ಅದು ವರದಿಯಾದೀತು. ಹಲವು ಕೊರಳುಗಳು ಮರುನುಡಿದಾಗ ಅದು ಸಾಕ್ಷಿಯಾಗುತ್ತದೆ.

ಸಂಗ್ರಹಕಾರರು ಈ ಮರುನುಡಿಯನ್ನೇ ಮೊದಲು ಕೈಬಿಟ್ಟರು. ಅಚ್ಚಾದ ಅನೇಕ ಜನಪದ ಸಂಕಲನಗಳಲ್ಲಿ ಮುಮ್ಮೇಳದ ಸಾಲು ಉಳಿದಿದೆ. ಹಿಮ್ಮೇಳದ ಆವರ್ತನೆಯನ್ನು ಪುನರುಕ್ತಿಯೆಂದು ತೆಗೆದುಹಾಕಲಾಗಿದೆ. ಕಾಗದವನ್ನು ಉಳಿಸುವ ದೃಷ್ಟಿಯಿಂದ ಇದು ಸರಿಯಿರಬಹುದು, ಸಂಗೀತದ ದೃಷ್ಟಿಯಿಂದ ಮಾತ್ರ ಅರ್ಧ ಕೃತಿಯನ್ನೇ ಕಳೆದಂತೆ. ಇದೇ ಸೀಮೆಯ ದರೋಜಿ ಈರಮ್ಮನವರ ಬುರ್ರಕಥೆಯ ಮಹಾಕಾವ್ಯಗಳು ಬರಹರೂಪಕ್ಕೆ ಬಂದವು, ಅವರಿಗೆ ನಾಡೋಜ ಗೌರವವೂ ಸಂದಿತು. 2014ರಲ್ಲಿ ಅವರು ತೀರಿಕೊಂಡ ಮೇಲೆ ಪಠ್ಯ ಓದಲು ಸಿಕ್ಕುತ್ತದೆ. ಆ ಪಠ್ಯವನ್ನು ಹಾಡಾಗಿಸುತ್ತಿದ್ದ ಗುಮ್ಮಟೆಯವರ ಓಗೊಡುವಿಕೆ ಪುಟದ ಮೇಲೆ ಸಿಕ್ಕುವುದಿಲ್ಲ.

ಯುರೋಪಿನಲ್ಲಿ ಮರೆತುಹೋದ ಪ್ರಾಚೀನ ವೃಂದಗಾನವನ್ನು ಮರಳಿ ಹಾಡಿದ ತಂಡಗಳ ನಿದರ್ಶನ ಇಲ್ಲಿ ಒಂದು ಮಟ್ಟಿಗೆ ಉಪಯುಕ್ತ. 1973ರಲ್ಲಿ ಪೀಟರ್ ಫಿಲಿಪ್ಸ್ ಕಟ್ಟಿದ ಟ್ಯಾಲಿಸ್ ಸ್ಕಾಲರ್ಸ್ ತಂಡವು 16ನೆಯ ಶತಮಾನದ ಚರ್ಚ್ ಸಂಗೀತವನ್ನು ಸಂಗೀತಸಭೆಗೆ ತಂದಿತು, ತನ್ನದೇ ಧ್ವನಿಮುದ್ರಣ ಸಂಸ್ಥೆಯನ್ನೂ ನಡೆಸಿತು. ಆದರೆ ಅವರ ಕೈಯಲ್ಲಿ ಸ್ವರಲಿಪಿ ಇತ್ತು. ಹಾಡುವವರ ಸರಣಿ ಕಡಿದರೂ ಗ್ರಂಥಭಂಡಾರದಿಂದ ಮತ್ತೆ ಆರಂಭಿಸಬಹುದಿತ್ತು. ಚೌಡಿಕೆಗೆ ಆ ಅನುಕೂಲವಿಲ್ಲ. ಮೇಳ ಒಡೆದರೆ ಮರಳಿ ತೆರೆಯಲು ಹೊತ್ತಿಗೆಯೇ ಇಲ್ಲ. ಆದುದರಿಂದ ‘ಪುನರುಜ್ಜೀವನ’ ಎಂಬ ಮಾತು ಇಲ್ಲಿಗೆ ಅಷ್ಟಾಗಿ ಒಗ್ಗದು. ಬೇಕಾದದ್ದು ಕಡಿಯದಂತೆ ನೋಡಿಕೊಳ್ಳುವ ಕೆಲಸ.

ಇಲ್ಲಿಯೇ ಈ ವಿಷಯದ ನಿಜವಾದ ಇಕ್ಕಟ್ಟು ಎದುರಾಗುತ್ತದೆ. ಪದಗಳು ಕೊರಳಿಂದ ಕೊರಳಿಗೆ ದಾಟಿದ್ದು ಬಹುಮಟ್ಟಿಗೆ ಮುತ್ತು ಕಟ್ಟಿಸಿಕೊಂಡವರ ನಡುವೆ. ದಲಿತ ಕುಟುಂಬಗಳ ಬಡ ಹೆಣ್ಣುಮಕ್ಕಳ ಬದುಕನ್ನು ಬಲಿಗೊಟ್ಟ ಆ ಪದ್ಧತಿಯನ್ನು ಕರ್ನಾಟಕ ದೇವದಾಸಿಯರ ಸಮರ್ಪಣೆ ನಿಷೇಧ ಕಾಯಿದೆ, 1982 ಅಪರಾಧವೆಂದು ಸಾರಿತು. ಉಚ್ಚಂಗಿದುರ್ಗದ ಜಾತ್ರೆಯ ಮೇಲೆ ಆಡಳಿತವೂ ಸಂಘಟನೆಗಳೂ ಕಣ್ಣಿಡಬೇಕಾಗಿ ಬಂದದ್ದು ಈ ಕಾರಣಕ್ಕೇ. ಈ ನಿಷೇಧದ ನ್ಯಾಯವನ್ನು ಕಲೆಯ ಹೆಸರಿನಲ್ಲಿ ಪ್ರಶ್ನಿಸುವುದು ಸಲ್ಲದು. ಹಾಡು ಉಳಿಯಲೆಂದು ಹುಡುಗಿಯರನ್ನು ಬಿಡಬೇಕೆಂದರೆ ಅಂಥ ಹಾಡು ಅಳಿಯುವುದೇ ಮೇಲು. ಆದರೆ ಕಾಯಿದೆಯು ನಿಷೇಧಿಸಿದ್ದು ಸಮರ್ಪಣೆಯನ್ನು, ಹಾಡನ್ನಲ್ಲ. ದೀಕ್ಷೆಯಿಲ್ಲದ ಗೃಹಸ್ಥರೂ ಯಲ್ಲಮ್ಮನ ಪದ ಹಾಡುವುದುಂಟು. ಮುತ್ತಿನಿಂದ ಹಾಡನ್ನು ಬಿಡಿಸಿಕೊಳ್ಳಲು ಬರುತ್ತದೆಂಬುದಕ್ಕೆ ಅದೇ ಆಧಾರ. ಪದ್ಧತಿಯನ್ನು ವಿರೋಧಿಸುವವರು ಹಾಡನ್ನೂ ಶಂಕಿಸುವುದು, ಹಾಡನ್ನು ಮೆಚ್ಚುವವರು ಪದ್ಧತಿಯ ಕ್ರೌರ್ಯವನ್ನು ‘ಪರಂಪರೆ’ಯೆಂದು ತೇಲಿಸಿಬಿಡುವುದು, ಎರಡೂ ಸೋಮಾರಿತನದ ನಿಲುವುಗಳು.

ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ಸಾಧನೆ ಈ ಇಕ್ಕಟ್ಟಿನ ನಡುವೆಯೇ ಬೆಳೆದದ್ದು. ಹುಲಿಗಿಯಲ್ಲಿ ದೀಕ್ಷೆ ಪಡೆದು, ಮನೆಯಿಂದ ಹೊರಬಿದ್ದು, ಭಿಕ್ಷೆಯ ದಿನಗಳನ್ನು ದಾಟಿ, ಕಾಳವ್ವ ಜೋಗತಿಯವರ ಮೇಳಕ್ಕೆ ಸೇರಿದ ಅವರು ಮುಂದೆ ಆ ಮೇಳವನ್ನೇ ನಡೆಸಿದರು. ಆ ಬದುಕಿನ ವಿವರಗಳು ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ ‘ನಡುವೆ ಸುಳಿವ ಹೆಣ್ಣು’ ಕೃತಿಯಲ್ಲಿವೆ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ಜೋಗತಿ ಸಮುದಾಯಕ್ಕೆ ಸಂದ ಮನ್ನಣೆಯೆಂದು ಧಾರಾಳವಾಗಿ ಹೇಳಬಹುದು. ಆದರೂ ಪ್ರಶಸ್ತಿ ಒಬ್ಬರಿಗೆ, ಮಾಸಾಶನ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ. ಮೇಳವೆಂಬ ಘಟಕವನ್ನು ಕಾಣುವ ಕಣ್ಣು ನಮ್ಮ ಪೋಷಣೆಯ ಕ್ರಮಕ್ಕೆ ಇನ್ನೂ ಬಂದಿಲ್ಲ. ತಾಳ ಹಿಡಿಯುವವಳು ಕೂಲಿಗೆ ಗುಳೆ ಹೋದರೆ ಪದ್ಮಶ್ರೀಯ ಪದವೂ ಒಂಟಿಯಾಗುತ್ತದೆ.

ಉತ್ಸವಗಳ ವೇದಿಕೆ ಇನ್ನೊಂದು ಬಗೆಯ ನಷ್ಟವನ್ನುಂಟುಮಾಡಿದೆ. ಹತ್ತು ನಿಮಿಷದ ಅವಧಿಯಲ್ಲಿ ತೋರಬಹುದಾದದ್ದು ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯ. ಕೊಡ ಬೀಳುವುದೋ ಇಲ್ಲವೋ ಎಂಬ ಕುತೂಹಲ ಪ್ರೇಕ್ಷಕರನ್ನು ಹಿಡಿದಿಡುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಆ ಕೊಡದ ಹಿಂದೆ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿ ನೀರು ತರುತ್ತಿದ್ದ ರೇಣುಕೆಯ ಕಥೆಯಿದೆ ಎಂಬುದು ಹಿಂಬದಿಯ ಹಾಡುಗಾರರಿಗಷ್ಟೇ ಗೊತ್ತು. ಅವರ ಮುಂದೆ ಧ್ವನಿವರ್ಧಕ ಒಂದೇ, ಅದೂ ಮುಮ್ಮೇಳಕ್ಕೆ.

ಹಾಗಾದರೆ ನೆರವಿನ ಬಗೆ ಯಾವುದು? ರಾತ್ರಿಯಿಡೀ ಕಥೆ ನಡೆಯಲು ಅವಕಾಶವಿರುವ ಹಾಡಿಕೆಗಳನ್ನು ಹಳ್ಳಿಗಳಲ್ಲಿಯೇ ಏರ್ಪಡಿಸುವುದು, ಗೌರವಧನವನ್ನು ಮೇಳಕ್ಕೆ ಕೊಟ್ಟು ಹಿಮ್ಮೇಳಕ್ಕೂ ಸಮಪಾಲು ಸಿಗುವಂತೆ ಮಾಡುವುದು, ಪ್ರತಿ ಕೊರಳಿಗೂ ಬೇರೆಯೇ ಧ್ವನಿಗ್ರಾಹಕವಿಟ್ಟು ಮುದ್ರಿಸುವುದು, ದೀಕ್ಷೆಯ ಷರತ್ತಿಲ್ಲದೆ ಕಲಿಯಬಯಸುವ ಗಂಡು ಹೆಣ್ಣು ಯಾರಿಗಾದರೂ ಹಿರಿಯ ಜೋಗತಿಯರನ್ನೇ ಗುರುಗಳಾಗಿ ನೇಮಿಸಿ ಸಂಬಳ ಕೊಡುವುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೂ ಇದು ನಿಲುಕದ ಕೆಲಸವಲ್ಲ. ಹರಪನಹಳ್ಳಿ ತಾಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಮೇಳಗಳೂ ಉಚ್ಚಂಗಿಯವೂ ಈಗ ಒಂದೇ ಜಿಲ್ಲೆಯ ಕಡತದೊಳಗಿವೆ. ಯಾವ ಊರಿನಲ್ಲಿ ಎಷ್ಟು ಮೇಳಗಳಿವೆ, ಅವುಗಳಲ್ಲಿ ಪೂರ್ಣ ಕಥೆ ಬಲ್ಲವರು ಯಾರು, ಅವರ ಹಿಂದೆ ಓಗೊಡಲು ಎಷ್ಟು ಜನ ಉಳಿದಿದ್ದಾರೆ ಎಂಬ ಎಣಿಕೆಯನ್ನು ಮುಂದಿನ ಭರತ ಹುಣ್ಣಿಮೆಯಂದು ಗುಡ್ಡದ ಮೇಲೆಯೇ ಆರಂಭಿಸಬಹುದು.