ದನಿಯ ಬಣ್ಣವೂ ಕಾವ್ಯದ ಕಷ್ಟವೂ

ಸವಿನುಡಿ, ಒರಟು ದನಿ, ತಣ್ಣನೆಯ ಮಾತು – ಇವು ಕನ್ನಡಿಗರು ದಿನವೂ ಆಡುವ ನುಡಿಗಳು. ಕಿವಿಯ ವಿಷಯವನ್ನು ನಾಲಗೆಗೋ ಚರ್ಮಕ್ಕೋ ಒಪ್ಪಿಸುವ ಇಂತಹ ಪ್ರಯೋಗಗಳನ್ನು ಅಲಂಕಾರಶಾಸ್ತ್ರವು ಲಕ್ಷಣೆಯೆಂದು ಕರೆದು ತೃಪ್ತಿಪಡುತ್ತದೆ. ಇವೇ ವಾಚ್ಯಾರ್ಥವಾಗಿ ಒದಗುವ ಮನುಷ್ಯನ ದಿನಚರಿ ಹೇಗಿದ್ದೀತು? ಪಾಶ್ಚಾತ್ಯರು ಸಿನೆಸ್ತೇಸಿಯಾ ಎನ್ನುವ ಈ ಇಂದ್ರಿಯಸಂಕರವನ್ನು ಅರಿಯಲಿಚ್ಛಿಸುವವರಿಗೆ, ರಷ್ಯದ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಅವರು 1968ರಲ್ಲಿ ಪ್ರಕಟಿಸಿದ, ಅಸಾಧಾರಣ ನೆನಪಿನ ಶಕ್ತಿಯುಳ್ಳವನೊಬ್ಬನನ್ನು ಕುರಿತ ಕಿರುಹೊತ್ತಗೆಯು ಬಹುಕಾಲ ಮನಸ್ಸಿನಲ್ಲಿ ನಿಲ್ಲತಕ್ಕದ್ದು.

ಅದರಲ್ಲಿ 'ಶ' ಎಂಬ ಒಂದೇ ಅಕ್ಷರದಿಂದ ಸೂಚಿತನಾದವನು ಸೊಲೊಮನ್ ಶೆರೆಶೆವ್‌ಸ್ಕಿ. 1920ರ ದಶಕದಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದ ಇವನನ್ನು, ಟಿಪ್ಪಣಿ ಬರೆದುಕೊಳ್ಳದೆಯೇ ಎಲ್ಲವನ್ನೂ ಒಪ್ಪಿಸುವುದನ್ನು ಕಂಡ ಸಂಪಾದಕನು ಪರೀಕ್ಷೆಗೆ ಕಳುಹಿಸಿದನು. ಅಂಕಿಗಳ ಉದ್ದುದ್ದದ ಸಾಲುಗಳನ್ನು ವರ್ಷಗಳ ಮೇಲೂ ಹೇಳಿದ ಕಥೆ ಜಾತ್ರೆಯ ಚಮತ್ಕಾರದಂತಿದೆ. ಅಲ್ಲಿ ವಾಚಕರು ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಗ್ರಂಥದ ಜೀವವಿರುವುದು ಸಣ್ಣ ಸಂಗತಿಗಳಲ್ಲಿ. ವಿದ್ವಾಂಸ ವಿಗೋತ್‌ಸ್ಕಿಯ ಕಂಠ ಅವನಿಗೆ ಹಳದಿಯಾಗಿ, ಪುಡಿಪುಡಿಯಾಗಿ ತೋರಿತು. ಐಸ್‌ಕ್ರೀಂ ಮಾರುವವಳು ಉತ್ತರ ಕೊಟ್ಟ ದನಿಯಲ್ಲಿ ಕರಿಯ ಇದ್ದಲಿನ ರಾಶಿಯೇ ಅವಳ ಬಾಯಿಂದ ಸುರಿದಂತಾಗಿ, ಅವನು ಕೊಳ್ಳದೆ ಹಿಂದಿರುಗಿದನು. ಪದಗಳನ್ನು ಓದಿ ಹೇಳುವಾಗ ಯಾರಾದರೂ ಕೆಮ್ಮಿದರೆ ಆ ಪದದ ಮೇಲೆ ಹಬೆ ಕವಿಯುತ್ತಿತ್ತು. ಊಟದ ರುಚಿಯು ಓದಿನ ಅರ್ಥವನ್ನು ಮುಳುಗಿಸುತ್ತಿದ್ದುದರಿಂದ ಉಣ್ಣುತ್ತ ಓದುವುದು ಅವನಿಗೆ ಕಷ್ಟವಾಗಿತ್ತು. ಬೆಳಗಿನ ಉಪಾಹಾರದೊಡನೆಯೇ ಪತ್ರಿಕೆಯನ್ನೂ ಮುಗಿಸುವ ಗೃಹಸ್ಥರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರುಂಟೆ!

ಇಂತಹವನು ಹುಟ್ಟುಕವಿಯಾಗಿರಬೇಕೆಂದು ಸಹೃದಯರು ಊಹಿಸಿಯಾರು. ಆದರೆ ಕಾವ್ಯವೇ ಅವನಿಗೆ ಎಲ್ಲಕ್ಕಿಂತ ದುರ್ಗಮವಾಗಿತ್ತೆಂದು ಲೂರಿಯಾ ಹೇಳುತ್ತಾರೆ. ಒಂದೊಂದು ಪದವೂ ಒಂದೊಂದು ಚಿತ್ರವಾಗಿ ಎದ್ದು ನಿಂತು ಮುಂದಿನ ಪದಕ್ಕೆ ಎಡೆಗೊಡದು. ಭಾವವು ಹಿಂದೆಯೇ ಉಳಿಯುವುದು. ಮುಖವು ಚಂದ್ರನಲ್ಲವೆಂಬ ಅರಿವು ಉಳಿದಿರುವಾಗಲೇ ಉಪಮೆ ಸೊಗಸುವುದು; ಎರಡರ ನಡುವಣ ಆ ಅಂತರವೇ ಇವನಿಗೆ ದೊರೆಯಲಿಲ್ಲ. ಸ್ವರಾಕ್ಷರಗಳಿಗೆ ಬಣ್ಣ ಹಚ್ಚಿ 1871ರಲ್ಲಿ ಸುನೀತ ರಚಿಸಿದ ಫ್ರೆಂಚ್ ಕವಿ ರ‍್ಯಾಂಬೋ, ಆ ಬಣ್ಣಗಳು ತನ್ನ ಕಲ್ಪನೆಯೆಂದು 1873ರಲ್ಲಿ ತಾನೇ ಹೇಳಿಕೊಂಡನು. ಕವಿಗೆ ಆ ಸ್ವಾತಂತ್ರ್ಯವಿತ್ತು.

ಆದರೆ ಇಂದ್ರಿಯಸಂಕರವೇ ಕಾವ್ಯಕ್ಕೆ ಶತ್ರುವೆಂದು ತೀರ್ಮಾನಿಸುವುದು ಅವಸರವಾದೀತು. ಬಾಲ್ಯದಲ್ಲಿ ಅಕ್ಷರದ ದಿಮ್ಮಿಗಳ ಬಣ್ಣಗಳೆಲ್ಲ ತಪ್ಪೆಂದು ತಾಯಿಗೆ ಹೇಳಿ, ಆಕೆಗೂ ಅಕ್ಷರಗಳು ಬಣ್ಣದವೇ ಎಂದು ತಿಳಿದ ವ್ಲಾದಿಮಿರ್ ನಬೊಕೊಫ್ ಮುಂದೆ ಶ್ರೇಷ್ಠ ಗದ್ಯಶಿಲ್ಪಿಯಾದನು. 1951ರ ಆತ್ಮಕಥೆಯಲ್ಲಿ ಅದನ್ನೆಲ್ಲ ಬಹು ಮೋಹದಿಂದ ವರ್ಣಿಸಿದ್ದಾನೆ. ಶೆರೆಶೆವ್‌ಸ್ಕಿಯನ್ನು ಬಾಧಿಸಿದುದು ಬಣ್ಣಕ್ಕಿಂತ ಹೆಚ್ಚಾಗಿ ಮರೆವಿನ ಅಭಾವವಿರಬೇಕು. ಲೂರಿಯಾ ಈ ಎರಡು ಎಳೆಗಳನ್ನು ಸಾಕಷ್ಟು ಬಿಡಿಸದಿರುವುದು ಗ್ರಂಥದ ಕೊರತೆ. ಆದರೂ ಅವರ ಕಣ್ಣು ಕರುಣೆಯುಳ್ಳದ್ದು. ಮರೆಯುವ ಆಸೆಯಿಂದ ಆತ ಅಂಕಿಗಳನ್ನು ಕಾಗದದಲ್ಲಿ ಬರೆದು ಸುಟ್ಟನಂತೆ. ಕರಿಕಾದ ಹಾಳೆಯ ಮೇಲೂ ಅವು ಅವನಿಗೆ ಕಾಣುತ್ತಲೇ ಇದ್ದವು.